ತಾತನ ಅಂಗಡಿ

ಬ್ಯಾರಿಯಲ್ಲಿ ಅಕ್ಕನಿಗೆ ತಾತ ಅನ್ನುತ್ತೇವೆ. ನಮ್ಮವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಕೃಷ್ಣಾ ಸ್ಟೇಷನ್ ರಸ್ತೆಯಲ್ಲಿ ನಿಂತು ನಾನು "ತಾತಾ" ಎಂದು ಕರೆದರೆ ಕನ್ನಡದವರೂ ತೆಲುಗಿನವರೂ ಒಟ್ಟಿಗೆ ತಿರುಗಿ ನೋಡುತ್ತಾರೆ. ಎರಡೂ ಭಾಷೆಯಲ್ಲಿ ತಾತ ಎಂದರೆ ಅಜ್ಜ. ಒಳಗಿನಿಂದ ಮೂವತ್ತೆಂಟರ ಹೆಂಗಸೊಬ್ಬಳು ಕೈಯಲ್ಲಿ ತೂಕದ ಬಟ್ಟಲು ಹಿಡಿದುಕೊಂಡು ಬರುವುದನ್ನು ಕಂಡು ನಗುತ್ತಾರೆ. ಮಕ್ಕಳಂತೂ ಈಗ ಅದನ್ನೇ ಹೆಸರು ಮಾಡಿಬಿಟ್ಟಿವೆ. "ತಾತನ ಅಂಗಡ್ಯಾಗ ಶೇಂಗಾ ಚಿಕ್ಕಿ ತಗೊಂಬಾ" ಎಂದರೆ ನಮ್ಮ ಅಂಗಡಿ ಎಂದೇ ಅರ್ಥ. ಬೋರ್ಡಿನಲ್ಲಿ ಇರುವುದು ಮಾತ್ರ ಉಪ್ಪನ ಹೆಸರು.

ಕೃಷ್ಣಾ ಎಂದರೆ ಇಲ್ಲಿ ಹೊಳೆಯೂ ಹೌದು, ಊರೂ ಹೌದು. ಊರು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯದು. ಹೊಳೆ ದಾಟಿದರೆ ರಾಯಚೂರು ಜಿಲ್ಲೆಯ ದೇವಸೂಗೂರು, ಶಕ್ತಿನಗರ. ರಾತ್ರಿ ಮಾಳಿಗೆಗೆ ಹತ್ತಿದರೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳ ಕೆಂಪು ದೀಪ ಕಾಣುತ್ತದೆ. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಹಂಚಿದಾಗ ಆ ದಡ ಮೈಸೂರಿಗೆ ಹೋಯಿತು, ಈ ದಡ ಆಂಧ್ರಕ್ಕೆ. 2014ರಲ್ಲಿ ತೆಲಂಗಾಣ ಆಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆಯಿತು. ಮನೆಯೊಳಗಿನ ಮಾತು ಮಾತ್ರ ಬಹಳ ಮನೆಗಳಲ್ಲಿ ಕನ್ನಡವೇ ಉಳಿಯಿತು. ತಾತನ ಮಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲೇ ಓದಿದ.

ಉಪ್ಪ ಇಲ್ಲಿಗೆ ಬಂದದ್ದು ಶಕ್ತಿನಗರದಲ್ಲಿ ಕ್ಯಾಂಟೀನ್ ಗುತ್ತಿಗೆ ಹಿಡಿದಿದ್ದ ಸಂಬಂಧಿಕರೊಬ್ಬರ ಬೆನ್ನಿಗೆ. ಆಮೇಲೆ ಹೊಳೆಯ ಈಚೆ ಬಾಡಿಗೆ ಕಡಿಮೆ ಎಂದು ಅಂಗಡಿ ಹಾಕಿದರು. ಊರಲ್ಲಿ ಜೀನಸಿನ ಅಂಗಡಿ ಎನ್ನುತ್ತೇವೆ, ಇಲ್ಲಿ ಕಿರಾಣಿ. ಉಮ್ಮ, ತಾತ, ನಾನು ಬಂಟ್ವಾಳದ ಹತ್ತಿರ ಅಜ್ಜನ ಮನೆಯಲ್ಲಿದ್ದೆವು. ಉಪ್ಪ ವರ್ಷಕ್ಕೆ ಎರಡು ಸಲ ಬರುತ್ತಿದ್ದರು, ಒಂದು ಚೀಲ ಜೋಳವನ್ನೂ ಯಾರಿಗೂ ಬೇಡದ ಶೇಂಗಾ ಹಿಂಡಿಯನ್ನೂ ಹೊತ್ತುಕೊಂಡು.

ನಮ್ಮ ಮನೆಯಲ್ಲಿ ಒಂದು ಕಥೆ ಉಂಟು. ಮದುವೆ ಮನೆಗಳಲ್ಲಿ ಊಟ ಆದ ಮೇಲೆ ಮಾವಂದಿರು ಅದನ್ನು ಹೇಳುತ್ತಾರೆ. ಉಪ್ಪ ಭಾಷೆ ಗೊತ್ತಿಲ್ಲದ ಊರಿಗೆ ಹೋಗಿ, ಅಂಗಡಿ ಕಟ್ಟಿ, ಮಗನಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿಸಿ, ಗಲ್ಫಿಗೆ ಕಳಿಸಿದ ಕಥೆ. ಅದರಲ್ಲಿ ತಾತ ಒಂದೇ ಒಂದು ವಾಕ್ಯದಲ್ಲಿ ಬರುತ್ತಾಳೆ: "ಅವಳು ಅಲ್ಲಿ ಉಪ್ಪನಿಗೆ ಬೇಯಿಸಿ ಹಾಕಿಕೊಂಡಿದ್ದಳು." ಪಿಯುಸಿಯಲ್ಲಿ ನನಗಿಂತ ಹೆಚ್ಚು ಮಾರ್ಕು ಅವಳದ್ದೇ. ಮದುವೆ ಎರಡು ವರ್ಷಕ್ಕೆ ಮುರಿಯಿತು. ಹಸುಗೂಸನ್ನು ಕಟ್ಟಿಕೊಂಡು ಊರಲ್ಲಿ ಇದ್ದರೆ ಜನರ ಬಾಯಿ ಎಂದು 2010ರಲ್ಲಿ ಅವಳನ್ನು ಕೃಷ್ಣಾಕ್ಕೆ ಕಳಿಸಿದರು. 2011ರಲ್ಲಿ ನಾನು ವಿಮಾನ ಹತ್ತಿದೆ. 2012ರಲ್ಲಿ ಉಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಅಲ್ಲಿಂದ ಉಪ್ಪ ತೀರಿಹೋದ 2023ರ ಮಳೆಗಾಲದವರೆಗೆ ಅಂಗಡಿಯ ಲೆಕ್ಕ ಬರೆದವರು, ಸಾಮಾನು ತಂದವರು, ಸಾಲ ಎತ್ತಿದವರು, ಸಾಲ ವಸೂಲು ಮಾಡಿದವರು ಯಾರು ಎಂದು ನಮ್ಮ ಕಥೆಯಲ್ಲಿ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

ನಾನಿದ್ದದ್ದು ಜುಬೈಲಿನಲ್ಲಿ, ಪಂಪುಗಳ ರಿಪೇರಿ. ರಾತ್ರಿ ಪಾಳಿಯಲ್ಲಿ ಎಲ್ಲ ಸರಿ ಇದ್ದರೆ ಮಾಡಲು ಕೆಲಸ ಇರುವುದಿಲ್ಲ. ಕೋಯಿಕ್ಕೋಡಿನ ಒಬ್ಬ ಸಹೋದ್ಯೋಗಿ ಪುಸ್ತಕದ ಹುಚ್ಚ. ಅವನು ಕೊಟ್ಟದ್ದರಿಂದ ನಾನು ಇಂಗ್ಲಿಷ್ ಕಾದಂಬರಿ ಓದಲು ಕಲಿತೆ, ಮೊಬೈಲಿನ ನಿಘಂಟು ಪಕ್ಕದಲ್ಲಿಟ್ಟುಕೊಂಡು. ಗ್ರೀಕ್ ಪುರಾಣವನ್ನು ಹೆಂಗಸರ ಕಡೆಯಿಂದ ಮತ್ತೆ ಹೇಳುವ ಕಾದಂಬರಿಗಳು ಆಗ ಸಾಲುಸಾಲಾಗಿ ಬರುತ್ತಿದ್ದವು. ಮ್ಯಾಡಲಿನ್ ಮಿಲ್ಲರ್ ಬರೆದ ಸರ್ಸಿ, ಪ್ಯಾಟ್ ಬಾರ್ಕರ್ ಬರೆದ ಸೈಲೆನ್ಸ್ ಆಫ್ ದಿ ಗರ್ಲ್ಸ್, ಎರಡೂ 2018ರವು. ಅದಕ್ಕೂ ಮೊದಲಿನದು, 2005ರಲ್ಲಿ ಮಾರ್ಗರೆಟ್ ಆಟ್‌ವುಡ್ ಬರೆದ ಪೆನೆಲೋಪಿಯಾಡ್. ತೆಳ್ಳಗಿದೆ ಎಂದು ನಾನು ಮೊದಲು ಕೈಗೆತ್ತಿಕೊಂಡದ್ದು ಅದನ್ನೇ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹೋಮರನ ಒಡಿಸ್ಸಿಯಲ್ಲಿ ರಾಜ ಒಡಿಸ್ಸಿಯಸ್ ಟ್ರಾಯ್ ಯುದ್ಧಕ್ಕೆ ಹೋಗಿ, ಹತ್ತು ವರ್ಷ ಕಾದಾಡಿ, ಇನ್ನು ಹತ್ತು ವರ್ಷ ಸಮುದ್ರದಲ್ಲಿ ಅಲೆದು ಮನೆಗೆ ಬರುತ್ತಾನೆ. ಇತ್ತ ಅವನ ಹೆಂಡತಿ ಪೆನೆಲೋಪೆಯನ್ನು ಮದುವೆಯಾಗಬೇಕೆಂದು ನೂರಕ್ಕೂ ಹೆಚ್ಚು ಮಂದಿ ಮನೆಯಲ್ಲೇ ಕೂತು ತಿಂದು ತೇಗುತ್ತಿರುತ್ತಾರೆ. ಮಾವನಿಗೆ ಶವವಸ್ತ್ರ ನೇಯ್ದು ಮುಗಿಸಿದ ಮೇಲೆ ಮದುವೆ ಎಂದು ಅವಳು ಹೇಳುತ್ತಾಳೆ. ಹಗಲು ನೇಯುತ್ತಾಳೆ, ರಾತ್ರಿ ಬಿಚ್ಚುತ್ತಾಳೆ. ಮೂರು ವರ್ಷ ಹೀಗೆ ಸಾಗುತ್ತದೆ. ಕೊನೆಗೆ ಗಂಡ ಬಂದು ಅವರನ್ನೆಲ್ಲ ಕೊಲ್ಲುತ್ತಾನೆ. ಆಟ್‌ವುಡ್ ಈ ಕಥೆಯನ್ನು ಸತ್ತು ಪಾತಾಳ ಸೇರಿದ ಪೆನೆಲೋಪೆಯ ಬಾಯಿಂದ ಹೇಳಿಸುತ್ತಾಳೆ.

ಆಗ ನಾನು ಅದನ್ನು ಓದಿದ್ದು ಒಡಿಸ್ಸಿಯಸ್ ಆಗಿ. ಸಮುದ್ರ ದಾಟಿ ದುಡಿಯುತ್ತಿರುವವನು ನಾನು, ಮನೆಯಲ್ಲಿ ಕಾಯುತ್ತಿರುವವರು ಅವರು. ಎಂಟು ಗಂಟೆಯ ಪಾಳಿ ಮುಗಿಸಿ ಕ್ಯಾಂಪಿನ ಮಂಚದಲ್ಲಿ ಬಿದ್ದುಕೊಂಡು ಹಾಗೆ ಅಂದುಕೊಳ್ಳುವುದು ಹಿತವಾಗಿಯೂ ಇತ್ತು.

ಉಪ್ಪ ಹೋದ ಮೇಲೆ ನಾನು ಕೆಲಸ ಬಿಟ್ಟು ಬಂದೆ. ಊರಲ್ಲಿ ದೊಡ್ಡವರೆಲ್ಲ ಕೂತು ಮಾತಾಡಿದರು. ಹೆಣ್ಣುಮಗಳಿಗೂ ಪಾಲು ಉಂಟು, ಅದನ್ನು ಯಾರೂ ಇಲ್ಲ ಎನ್ನಲಿಲ್ಲ. ಬಂಟ್ವಾಳದ ಜಾಗದ ಲೆಕ್ಕವನ್ನು ಸರಿಯಾಗಿಯೇ ಹಾಕಿದರು. ಅಂಗಡಿ ಬಾಡಿಗೆಯದ್ದು, ಅದರಲ್ಲಿ ಪಾಲು ಎಂತದ್ದು, ಅದು ಹುಡುಗನಿಗೆ ಇರಲಿ ಎಂದಾಯಿತು. ನಾನು ಮಕ್ತಲ್‌ಗೆ ಹೋಗಿ ಬಾಡಿಗೆ ಕರಾರು, ಜಿಎಸ್‌ಟಿ ಅರ್ಜಿ, ಆಹಾರ ಪರವಾನಗಿಯ ಕಾಗದ ಎಲ್ಲವನ್ನೂ ನನ್ನ ಹೆಸರಲ್ಲಿ ಟೈಪ್ ಮಾಡಿಸಿಕೊಂಡು ಬಂದೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಹೇಳಿದ್ದು ಬ್ಯಾರಿಯಲ್ಲಿ, ಪ್ರೀತಿಯಿಂದಲೇ.

"ತಾತ, ಸಾಕು ನೀನು ಇಷ್ಟು ವರ್ಷ ಕಷ್ಟಪಟ್ಟದ್ದು. ಇನ್ನು ಊರಿಗೆ ಹೋಗಿ ಉಮ್ಮನ ಜೊತೆ ಆರಾಮವಾಗಿ ಇರು. ಅಂಗಡಿ ನಾನು ನೋಡಿಕೊಳ್ಳುತ್ತೇನೆ."

ಅವಳು ಅನ್ನಕ್ಕೆ ಸಾರು ಹಾಕಿಕೊಂಡಳು. "ಹೂಂ, ಸೈನ್ ಎಲ್ಲಿ ಹಾಕಬೇಕು?" ಎಂದಳು. ಬಾಡಿಗೆ ಕರಾರಿನಲ್ಲಿ ಅವಳ ಸಹಿ ಬಿದ್ದದ್ದು ಸಾಕ್ಷಿಯ ಜಾಗದಲ್ಲಿ.

ತಂಗಿಯನ್ನೋ ಅಕ್ಕನನ್ನೋ ಬಿಡಿಸಿಕೊಂಡು ಹೋಗಲು ಬರುವ ಗಂಡಸಿನ ಕಥೆ ಗ್ರೀಕರಲ್ಲೂ ಹಳೆಯದು. ಅದರ ಒಂದು ತುಂಡು ನಮ್ಮ ಕರಾವಳಿಗೇ ತಾಗಿಕೊಂಡಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ 413ನೇ ನಂಬರಿನ ಪಪೈರಸ್ ಒಂದು ಗ್ರೀಕ್ ಪ್ರಹಸನ. ಯೂರಿಪಿಡಿಸನ ಇಫಿಜೀನಿಯಾ ನಾಟಕದ ಅಣಕು. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನೊಬ್ಬನ ಕೈಯಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಅವಳ ಸೋದರ ಹಡಗಿನಲ್ಲಿ ಬಂದು, ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಕರೆದೊಯ್ಯುತ್ತಾನೆ. ಆ ಊರಿನವರು ಆಡುವ ಮಾತು ಕನ್ನಡ ಎಂದು 1904ರಲ್ಲಿ ಹುಲ್ಶ್ ಎಂಬ ವಿದ್ವಾಂಸರು ಹೇಳಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ಬರೆದರು. ತುಳು ಎನ್ನುವವರಿದ್ದಾರೆ, ಎರಡೂ ಅಲ್ಲ ಎನ್ನುವವರೂ ಇದ್ದಾರೆ. ನನಗೆ ಹಿಡಿಸಿದ್ದು ಬೇರೆ ಸಂಗತಿ. ಓಡಿಹೋಗುವ ಗಡಿಬಿಡಿಯಲ್ಲಿ ಜೊತೆಗಿದ್ದ ವಿದೂಷಕ ದೇವಿಯ ಕಾಣಿಕೆಗಳನ್ನೂ ಹೊಡೆದುಕೊಂಡು ಹೋಗೋಣ ಎನ್ನುತ್ತಾನೆ. ಬೇಡ ಎನ್ನುವವಳು ಕ್ಯಾರಿಟಿಯನ್. ಆ ಸ್ಥಳದ ಮರ್ಯಾದೆ ಗೊತ್ತಿದ್ದವಳು ಅವಳೇ ತಾನೆ, ಅಲ್ಲಿ ಇದ್ದವಳು ಅವಳು.

ತಾತ ಹತ್ತು ದಿನಕ್ಕೆಂದು ಊರಿಗೆ ಹೋದಳು. ಗಲ್ಲಾದಲ್ಲಿ ನಾನು ಕೂತೆ.

ಮೊದಲ ದಿನವೇ ಉದ್ರಿ ಇಲ್ಲ ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದೆ. ಎರಡನೇ ದಿನ ಹೊಲದ ಕೆಲಸದ ಹೆಂಗಸರು ಬರಲಿಲ್ಲ. ಮೂರನೇ ದಿನವೂ ಬರಲಿಲ್ಲ. ರಾಯಚೂರಿನ ಗಂಜ್‌ಗೆ ಫೋನ್ ಮಾಡಿ ಬೇಳೆ ಕಳಿಸಿ ಎಂದರೆ ಆ ಕಡೆಯಿಂದ "ಅಕ್ಕಾರ ಕೈಯಾಗ ಫೋನ್ ಕೊಡ್ರಿ" ಎಂದರು. ಅಕ್ಕಾರು ಊರಿಗೆ ಹೋಗಿದ್ದಾರೆ, ನಾನು ಅವರ ತಮ್ಮ, ಈಗ ಅಂಗಡಿ ನನ್ನ ಹೆಸರಲ್ಲಿದೆ ಎಂದೆ. "ಹಂಗಾದ್ರ ಅಕ್ಕಾರು ಬಂದಮ್ಯಾಗ ಮಾಡ್ರಿ" ಎಂದು ಇಟ್ಟುಬಿಟ್ಟರು. ಹೊಳೆ ದಾಟಿ ಬರುವ ಸಾಬೂನು, ಎಣ್ಣೆಗೆ ಐಜಿಎಸ್‌ಟಿ, ಮಕ್ತಲ್ ಕಡೆಯಿಂದ ಬಂದರೆ ಬೇರೆ ಲೆಕ್ಕ. ಯಾವ ಸಾಮಾನು ಎಲ್ಲಿಂದ ತಂದರೆ ಎಷ್ಟು ಉಳಿಯುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವಳ ತಲೆಯಲ್ಲಿತ್ತು. ಪಂಪು ಓಡುವಾಗ ಬೇರಿಂಗಿನ ಸದ್ದು ಯಾರಿಗೂ ಕೇಳುವುದಿಲ್ಲ. ಕೇಳಿದ ದಿನ ಅದು ಹೋಗಿದೆ ಎಂದು ಅರ್ಥ. ಇದನ್ನು ನನಗೆ ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷವೇ ಕಲಿಸಿದ್ದರು.

ಗಿರಾಕಿ ಇಲ್ಲದ ಆ ಮಧ್ಯಾಹ್ನಗಳಲ್ಲಿ ಮೂಲ ಕಾವ್ಯವನ್ನೇ ಓದಿ ನೋಡೋಣ ಎಂದು ಎಮಿಲಿ ವಿಲ್ಸನ್ ಮಾಡಿದ ಒಡಿಸ್ಸಿಯ ಇಂಗ್ಲಿಷ್ ಅನುವಾದ ಹಿಡಿದೆ. 2017ರದ್ದು. ಇಡೀ ಕಾವ್ಯವನ್ನು ಹೆಂಗಸೊಬ್ಬಳು ಇಂಗ್ಲಿಷಿಗೆ ತಂದು ಪ್ರಕಟಿಸಿದ್ದು ಅದೇ ಮೊದಲು. ಒಂದನೇ ಅಧ್ಯಾಯದಲ್ಲೇ ಸಿಕ್ಕಿಬಿದ್ದೆ.

ಕೆಳಗೆ ಗಾಯಕನೊಬ್ಬ ಟ್ರಾಯ್‌ನಿಂದ ಗ್ರೀಕರು ಪಟ್ಟ ಪಾಡನ್ನು ಹಾಡುತ್ತಿರುತ್ತಾನೆ. ಪೆನೆಲೋಪೆ ಮೆಟ್ಟಲಿಳಿದು ಬಂದು, ಇದು ಬೇಡ, ನನಗೆ ಸಂಕಟವಾಗುತ್ತದೆ, ಬೇರೆ ಏನಾದರೂ ಹಾಡು ಎನ್ನುತ್ತಾಳೆ. ಆಗ ಅವಳ ಮಗ ಟೆಲಿಮಾಕಸ್, ಇನ್ನೂ ಮೀಸೆ ಮೂಡುತ್ತಿರುವ ಹುಡುಗ, ಎಲ್ಲರೆದುರು ಹೇಳುತ್ತಾನೆ: ನೀನು ಒಳಗೆ ಹೋಗು, ನಿನ್ನ ಮಗ್ಗ, ನಿನ್ನ ಕದಿರು ನೋಡಿಕೋ, ಮಾತು ಗಂಡಸರದ್ದು, ಈ ಮನೆಯ ಯಜಮಾನಿಕೆ ನನ್ನದು. ಇಪ್ಪತ್ತು ವರ್ಷ ಆ ಮನೆಯನ್ನು ಹಿಡಿದು ನಿಲ್ಲಿಸಿದವಳಿಗೆ ಹೇಳಿದ ಮಾತು ಇದು. ಮೇರಿ ಬಿಯರ್ಡ್ ಎಂಬ ವಿದ್ವಾಂಸೆ ಹೆಣ್ಣು ಮತ್ತು ಅಧಿಕಾರದ ಬಗ್ಗೆ 2017ರಲ್ಲಿ ತಂದ ಪುಸ್ತಕವನ್ನು ಶುರು ಮಾಡುವುದೇ ಈ ಪ್ರಸಂಗದಿಂದ.

ನಾನು ಪುಸ್ತಕ ಮುಚ್ಚಿ ಎದ್ದು ನೀರು ಕುಡಿದೆ. ಜುಬೈಲಿನಲ್ಲಿ ನಾನು ಒಡಿಸ್ಸಿಯಸ್ ಅಂದುಕೊಂಡಿದ್ದೆ. ಅಲ್ಲ, ನಾನು ಈ ಹುಡುಗ. ಅವನು ಗಡುಸಾಗಿ ಹೇಳಿದ್ದನ್ನು ನಾನು ಮೆತ್ತಗೆ ಹೇಳಿದ್ದೆ. ಆರಾಮವಾಗಿ ಇರು ಎಂದಿದ್ದೆ.

ತಾತ ಬಂದ ಮೇಲೆ ಮೊದಲು ರಟ್ಟು ತೆಗೆದು ಒಲೆಗೆ ಹಾಕಿದಳು. ನಾನು ಆ ರಾತ್ರಿ ಅವಳಿಗೆ ಪೆನೆಲೋಪೆಯ ಕಥೆ ಹೇಳಿದೆ. ತಪ್ಪೊಪ್ಪಿಗೆಯ ಥರ ಹೇಳಬೇಕೆಂದಿದ್ದೆ, ಅವಳು ಬಿಡಲಿಲ್ಲ. ಮಗ್ಗದ ಹತ್ತಿರವೇ ನಿಲ್ಲಿಸಿದಳು.

"ಹಗಲು ನೇಯ್ದು ರಾತ್ರಿ ಬಿಚ್ಚುವುದಾ? ಮೂರು ವರ್ಷ? ನೂಲು ಹಾಳಾಗುವುದಿಲ್ವಾ ಮಾರಾಯ? ನೂಲಿನ ದುಡ್ಡು ಯಾರು ಕೊಟ್ಟದ್ದು?"

ಅವಳಿಗೆ ನೂಲಿನ ಬೆಲೆ ಗೊತ್ತು. ನಾರಾಯಣಪೇಟೆಯ ಕಡೆ ಸೀರೆ ನೇಯುವ ಮನೆಗಳನ್ನು ನೋಡಿದ್ದಾಳೆ. ಮಗ್ಗದಲ್ಲಿ ಕೂತವನು ನೇಕಾರ. ನೂಲು ಬಿಡಿಸಿ, ಕಂಡಿಕೆ ಸುತ್ತಿಕೊಟ್ಟವಳು ಅವನ ಹೆಂಡತಿ, ಅಷ್ಟೇ. ಮಾತಿಗೆ ಮಾತು ಬಂದು ಅವಳು ಅಲಮಾರಿಯಿಂದ ಒಂದು ಪುಸ್ತಕ ತೆಗೆದಳು. ತೆಲುಗಿನ ಓಲ್ಗಾ ಬರೆದ ವಿಮುಕ್ತ, 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಥಾಸಂಕಲನ. ಅಂಗಡಿಗೆ ಬರುವ ಟೀಚರೊಬ್ಬರು ಕೊಟ್ಟದ್ದಂತೆ. ಅವಳು ತೆಲುಗು ಅಕ್ಷರ ಕಲಿತದ್ದು ಮಕ್ತಲ್‌ನ ಬಿಲ್ಲುಗಳಿಂದ. ನನಗೆ ಅವಳು ಪುಸ್ತಕ ಓದುತ್ತಾಳೆಂದೇ ಗೊತ್ತಿರಲಿಲ್ಲ. ಅದರಲ್ಲಿ ಕಾಡಿಗೆ ಬಂದ ಸೀತೆ ಶೂರ್ಪನಖಿಯನ್ನು ಕಾಣುತ್ತಾಳೆ. ಮೂಗು ಕೊಯ್ಸಿಕೊಂಡ ಶೂರ್ಪನಖಿ ಅಲ್ಲಿ ಚೆಂದದ ತೋಟ ಮಾಡಿಕೊಂಡಿರುತ್ತಾಳೆ. ಅಹಲ್ಯೆ, ರೇಣುಕೆ, ಊರ್ಮಿಳೆ ಕೂಡ ಒಬ್ಬೊಬ್ಬರಾಗಿ ಸೀತೆಗೆ ಎದುರಾಗುತ್ತಾರೆ. ಕನ್ನಡದಲ್ಲಿ ಭೈರಪ್ಪನವರೂ 2017ರ ಉತ್ತರಕಾಂಡದಲ್ಲಿ ಸೀತೆಯಿಂದಲೇ ಕಥೆ ಹೇಳಿಸಿದ್ದಾರೆ. ನಮ್ಮವರೇ ಆದ ಸಾರಾ ಅಬೂಬಕ್ಕರ್ ಪುರಾಣಕ್ಕೆ ಹೋಗಲೇ ಇಲ್ಲ. ಚಂದ್ರಗಿರಿಯ ತೀರದಲ್ಲಿ ಕಾದಂಬರಿಯ ನಾದಿರಾಳಿಗೆ ಬೇಕಾದ ಸಂಕಟ ಪಕ್ಕದ ಮನೆಯಲ್ಲೇ ಇತ್ತು.

ಗ್ರೀಕ್ ಮರುಕಥೆಗಳೆಲ್ಲ ನನಗೆ ಹಿಡಿಸುತ್ತವೆ ಎಂದಲ್ಲ. ಕೆಲವಲ್ಲಿ ಮೂರು ಸಾವಿರ ವರ್ಷದ ಹಿಂದಿನ ಹೆಂಗಸು ಇವತ್ತಿನ ಟಿವಿ ಚರ್ಚೆಯ ಭಾಷಣ ಮಾಡುತ್ತಾಳೆ. ಬಹುಪಾಲು ರಾಣಿಯರಿಗೇ ಬಾಯಿ ಬಂದಿರುವುದು. ಬಾರ್ಕರ್ ಅದರಲ್ಲಿ ಬೇರೆ. ರಾಣಿಯಾಗಿದ್ದು ದಾಸಿಯಾದ ಬ್ರಿಸೇಯಿಸ್‌ಳ ಕಣ್ಣಲ್ಲಿ ಇಡೀ ಯುದ್ಧವನ್ನು ಹೊಗೆ, ಹುಣ್ಣು, ಒಗೆಯುವ ಬಟ್ಟೆ ಎಂದು ತೋರಿಸುತ್ತಾಳೆ. ಆಟ್‌ವುಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ, ಪೆನೆಲೋಪೆಯನ್ನೂ ಪೂರ್ತಿ ನಂಬಬೇಡಿ ಎನ್ನುವ ಹಾಗೆ ಬರೆಯುತ್ತಾಳೆ. ಮಧ್ಯೆ ಮಧ್ಯೆ ಹನ್ನೆರಡು ದಾಸಿಯರು ಬಂದು ಹಾಡುತ್ತಾರೆ. ಒಡಿಸ್ಸಿಯಸ್ ಬಂದ ದಿನ, ಮದುವೆಗೆ ಕಾದಿದ್ದವರ ಜೊತೆ ಮಲಗಿದರು ಎಂದು ಈ ಹುಡುಗಿಯರ ಕೈಯಿಂದ ಮೊದಲು ರಕ್ತ ತೊಳೆಸುತ್ತಾರೆ. ಆಮೇಲೆ ಹಡಗಿನ ಹಗ್ಗಕ್ಕೆ ಸಾಲಾಗಿ ನೇತುಹಾಕುತ್ತಾರೆ. ಕತ್ತಿಯಿಂದ ಕೊಲ್ಲು ಎಂದು ಅಪ್ಪ ಹೇಳಿದ್ದ. ಹಗ್ಗ ಟೆಲಿಮಾಕಸ್‌ನ ಸ್ವಂತ ವಿಚಾರ. ಮಿಲ್ಲರಳ ಕಾದಂಬರಿಯಲ್ಲಿ ಅವನನ್ನು ಆಮೇಲೂ ಇದು ಕಾಡುತ್ತದೆ. ಹೋಮರನಲ್ಲಿ ಹಾಗೇನೂ ಇಲ್ಲ.

ಇದನ್ನು ಹೇಳಿದಾಗ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು. "ಹನ್ನೆರಡು ಮಂದಿಗೂ ಹೆಸರು ಉಂಟಾ?"

"ಒಬ್ಬಳಿಗೆ ಉಂಟು. ಮೆಲಾಂಥೋ ಅಂತ."

"ಉಳಿದ ಹನ್ನೊಂದು?"

ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ಗಲ್ಲಾದ ಕೆಳಗಿಂದ ಉದ್ರಿ ಪುಸ್ತಕಗಳನ್ನು ತೆಗೆದು ಮುಂದಿಟ್ಟಳು, ಹಳೆಯದರಿಂದ ಹೊಸದರವರೆಗೆ. ಉಪ್ಪನ ಕೈಬರಹದ ಪುಟಗಳಲ್ಲಿ ಗಂಡಸರಿಗೆ ಹೆಸರಿದೆ, ಹೆಂಗಸರು ಇರುವುದು ಹೀಗೆ: ಗ್ಯಾಂಗ್‌ಮನ್ ಹೆಂಡತಿ. ಮೂಲೆ ಮನೆ ಮುದುಕಿ. ಟೇಲರ್ ತಂಗಿ. ನಮ್ಮ ಅಂಗಡಿಯಲ್ಲಿ ಮೊರ ಹಿಡಿದು ಕಾಳು ಹಸನು ಮಾಡಲು ಇಪ್ಪತ್ತು ವರ್ಷದಿಂದ ಬರುತ್ತಿರುವ ಹೆಂಗಸು, ಉಪ್ಪನ ಪುಟದಲ್ಲಿ ಬರೀ "ಕೂಲಿ". 2012ರ ನಂತರ ಅಕ್ಷರ ಬದಲಾಗುತ್ತದೆ. ಅದೇ ಹೆಂಗಸರು, ಅದೇ ಸಕ್ಕರೆ, ಅದೇ ಚಾಪುಡಿ. ಆದರೆ ಪ್ರತಿಯೊಬ್ಬರಿಗೂ ಅವರವರ ಹೆಸರಿದೆ.

"ಗಂಡನ ಹೆಸರಲ್ಲಿ ಬರೆದರೆ ಸಾಲ ಗಂಡನದ್ದು ಅನ್ನುತ್ತಾರೆ, ಕೊಡುವುದಿಲ್ಲ" ಎಂದಳು. "ಅವಳ ಹೆಸರಲ್ಲಿ ಬರೆದರೆ ಅವಳೇ ತಂದುಕೊಡುತ್ತಾಳೆ. ವ್ಯಾಪಾರ."

ಹೋದ ತಿಂಗಳು ನಾನು ಹೊಸ ಕಾಗದ ಟೈಪ್ ಮಾಡಿಸಿದೆ. ಬಾಡಿಗೆ ಕರಾರು, ಜಿಎಸ್‌ಟಿ, ಪರವಾನಗಿ, ಎಲ್ಲ ಅವಳ ಹೆಸರಿಗೆ. ಬೋರ್ಡು ಬರೆಯುವವನಿಗೂ ಹೇಳಿಟ್ಟೆ. ಮಾವನೊಬ್ಬರು ಫೋನಿನಲ್ಲಿ, ನಾಳೆ ಅವಳ ಮಗ ದೊಡ್ಡವನಾಗಿ ಅಂಗಡಿ ನನ್ನದು ಎಂದರೆ ನೀನು ಎಲ್ಲಿಗೆ ಹೋಗುತ್ತಿ ಎಂದು ಕೇಳಿದರು. ಶಕ್ತಿನಗರದ ಕಡೆ ಗುತ್ತಿಗೆಯಲ್ಲಿ ಪಂಪಿನ ಕೆಲಸ ನೋಡುತ್ತಿದ್ದೇನೆ ಎಂದೆ. ಅದು ಇನ್ನೂ ಆಗಿಲ್ಲ.

ಕಾಗದ ಮುಂದಿಟ್ಟಾಗ ತಾತನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವಳು ಕನ್ನಡಕ ಹಾಕಿಕೊಂಡು ಪ್ರತಿ ಹಾಳೆ ಓದಿದಳು.

"ಹೆಸರು ನನ್ನದಾದರೆ ಗಂಜ್‌ನ ಬಾಕಿಯೂ ನನ್ನದೇ ಆಗುತ್ತದೆ. ಉಪ್ಪನ ಕಾಲದ್ದು ಒಂದು ಲಕ್ಷದ ನಲವತ್ತು ಸಾವಿರ ಉಂಟು. ಗೊತ್ತುಂಟಾ ನಿನಗೆ?"

ಗೊತ್ತಿರಲಿಲ್ಲ. ಅವಳು ಎಲ್ಲಕ್ಕಿಂತ ಹಳೆಯ ಪುಸ್ತಕದ ಕೊನೆಯ ಪುಟ ತಿರುಗಿಸಿದಳು. ಮೇಲೆ ನನ್ನ ಹೆಸರು. ತಮ್ಮ ಎಂದಲ್ಲ, ಅಪ್ಪನ ಇನಿಶಿಯಲ್ ಸಮೇತ ಪೂರ್ತಿ ಹೆಸರು. 2011, ವೀಸಾ ಮತ್ತು ಟಿಕೆಟ್, ಅರವತ್ತು ಸಾವಿರ. ಅದರ ಕೆಳಗೆ ಡಿಪ್ಲೊಮಾದ ಕೊನೆಯ ವರ್ಷದ ಫೀಸು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಎರಡು ಬಳೆ". ಜಮೆಯ ಕಾಲಂ ಖಾಲಿ.

ನಾನು ಮೊಬೈಲ್ ತೆಗೆದೆ, ಈಗಲೇ ಹಾಕಿಬಿಡುತ್ತೇನೆ ಎಂದು.

"ಈಗ ಬೇಡ. ಪ್ಯಾಸೆಂಜರ್ ಬಂತು, ಜನ ಇಳಿಯುತ್ತಾರೆ" ಎಂದಳು. "ನೀನು ಅಕ್ಕಿ ತೂಗು, ನಾನು ಬರೆದುಕೊಳ್ಳುತ್ತೇನೆ."